ಎಂಜಿನ್ನಿಗೆ ಒದ್ದೆ ಗೋಣಿ

ನನಗೆ ಸಿಟ್ಟು ಜಾಸ್ತಿ ಎಂದು ಊರಿನವರು ಹೇಳುತ್ತಾರೆ. ಶುದ್ಧ ಸುಳ್ಳು. ನನಗೆ ಸಿಟ್ಟು ತಾನಾಗಿ ಬರುವುದಿಲ್ಲ, ಜನ ತರಿಸುತ್ತಾರೆ. ಆ ಬುಧವಾರದ ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ನಾನು ಹಸುವಿನ ಕೆಚ್ಚಲು ತೊಳೆದು ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತಿದ್ದೆ. ನಮ್ಮನೆಯವರು ಹಿಂದಿನಿಂದ ಬಂದು, ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು.

“ಭಾನುವಾರ ಕಾಂತರಾಜ್ ಬತ್ತಾನೆ. ಬೈಕ್ ತಕೊಂಡೋಗ್ತಾನೆ. ರೇಟು ಮಾತಾಡಿ ಆಗೈತೆ.”

ಹಸು ಹಾಲು ಬಿಡುವ ಹೊತ್ತಿನಲ್ಲಿ ನಾನು ಕೂಗಾಡುವ ಹಾಗಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಆ ಹೊತ್ತು ನೋಡಿಕೊಂಡು ಬಂದಿದ್ದರು. ನಾನು ಕರೆದು ಮುಗಿಸಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಗೆ ಬರುವಷ್ಟರಲ್ಲಿ ಮನುಷ್ಯ ಫ್ಯಾಕ್ಟರಿ ಬಸ್ಸು ಹತ್ತಿ ಆಗಿತ್ತು.

ನಮ್ಮನೆಯವರ ಹೆಸರು ಜಯರಾಮಪ್ಪ. ಕೆಜಿಎಫ್‌ನ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ನಮ್ಮೂರು ಬಂಗಾರಪೇಟೆಗೂ ಕೆಜಿಎಫ್‌ಗೂ ಮಧ್ಯೆ. ಫ್ಯಾಕ್ಟರಿ ಬಸ್ಸು ಊರ ಬಾಗಿಲಿಗೇ ಬರುವಂತಾದ ಮೇಲೆ ಅವರ ಬೈಕು ಕೊಟ್ಟಿಗೆ ಪಕ್ಕ ಧೂಳು ತಿನ್ನುತ್ತಾ ನಿಂತಿತ್ತು. ಆರು ವರ್ಷದ ಕೆಳಗೆ ನಾನು ಅದನ್ನು ಕೆರೆ ಅಂಗಳಕ್ಕೆ ತಳ್ಳಿಕೊಂಡು ಹೋದೆ. ನಾಲ್ಕು ಸಲ ಬಿದ್ದೆ, ಐದನೇ ಸಲ ಓಡಿಸಿಕೊಂಡೇ ಮನೆಗೆ ಬಂದೆ.

ಬೆಳಗಿನ ಹಾಲು ಡೈರಿಗೆ ಹೋಗುತ್ತದೆ, ಅದು ಮನೆಯ ಲೆಕ್ಕ. ಮಧ್ಯಾಹ್ನದ ಹಾಲು ನನ್ನದು. ಮೂರು ಗಂಟೆಗೆ ಬೈಕಿನ ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ಹೊರಟರೆ ಮೈಸೂರು ಮೈನ್ಸ್, ನಂದಿದುರ್ಗ, ಕೋರಮಂಡಲ್ ಅಂತ ಹಳೇ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗಳಿಗೆಲ್ಲ ಅಳೆದು ಹಾಕಿ ಆರಕ್ಕೆ ವಾಪಸ್ಸು. ಆ ಮೂರು ಗಂಟೆ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅಲ್ಲಿನ ಹೆಂಗಸರ ಜೊತೆ ತಮಿಳಿನಲ್ಲಿ ಜಗಳ, ತೆಲುಗಿನಲ್ಲಿ ರಾಜಿ, ಕನ್ನಡದಲ್ಲಿ ಊರ ಸುದ್ದಿ. ಬೈಕ್ ಹೋದರೆ ಅದಷ್ಟೂ ಹೋಯಿತು. ಮಧ್ಯಾಹ್ನದ ಹಾಲೂ ಡೈರಿಗೆ, ನಾನು ದಿನವಿಡೀ ಕೊಟ್ಟಿಗೆಗೆ.

ಮಾರುವುದಕ್ಕೆ ಅವರು ಕೊಟ್ಟ ಕಾರಣ, ಬೈಕು ಒಂದೇ ತಿಂಗಳಲ್ಲಿ ಮೂರು ಸಲ ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು ಎನ್ನುವುದು. ಅದು ನಿಜ. ಆದರೆ ಈ ಸಲದ ಬಿಸಿಲು ಎಂಥದ್ದು ಎಂದು ಫ್ಯಾನಿನ ಕೆಳಗೆ ಕೂತು ಬೋಲ್ಟು ಎಣಿಸುವವರಿಗೆ ಏನು ಗೊತ್ತು. ಮಾರ್ಚ್ ಕೊನೆಗೇ ಎಂಜಿನ್ನಿನ ಕಾವು ಮೊಣಕಾಲಿಗೆ ರಪ್ಪನೆ ಹೊಡೆಯುತ್ತಿತ್ತು. ಕಾದ ಎಣ್ಣೆಯ ವಾಸನೆ ಮೂಗಿಗೆ. ನಾನೇನು ತಲೆ ಇಲ್ಲದವಳೇ, ಉಪಾಯ ಮಾಡಿದೆ. ಹಾಲಿನ ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ತಾನೇ ಬಿಸಿಲಲ್ಲಿ ಒಡೆಯದ ಹಾಗೆ ಸಾಗಿಸುವುದು. ನಮ್ಮತ್ತೆ ಗಂಗರತ್ನಮ್ಮ ಕುಡಿಯುವ ನೀರಿನ ಬಿಂದಿಗೆಗೂ ಅದನ್ನೇ ಸುತ್ತುತ್ತಾರೆ. ಹಾಲಿಗೆ ಆಗುವುದು ಎಂಜಿನ್ ಎಣ್ಣೆಗೆ ಯಾಕೆ ಆಗಬಾರದು. ಬೈಕಿನ ಮುಂದೆ ಲೆಗ್ ಗಾರ್ಡ್ ಇರುತ್ತದಲ್ಲ, ಆ ಕಬ್ಬಿಣದ ಕಮಾನಿಗೆ ಅಡ್ಡಡ್ಡಲಾಗಿ ಒಂದು ಗೋಣಿಚೀಲ ಬಿಗಿದು, ಎಂಜಿನ್ನನ್ನು ಮುಂದಿನಿಂದ ಪೂರ್ತಿ ಮುಚ್ಚಿ, ಎರಡು ಚೊಂಬು ನೀರು ಸುರಿದು ಹೊರಟೆ.

ಆಹಾ, ಕಾಲಿಗೆ ಎಷ್ಟು ತಂಪಾಗಿತ್ತು ಗೊತ್ತೇ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ನಾಲ್ಕನೇ ದಿನ ಕೋರಮಂಡಲ್ ಏರಿನಲ್ಲಿ ಬೈಕು ಗೊರಗೊರ ಅಂದು ನಿಂತಿತು. ಕಿಕ್ಕರ್ ಕಲ್ಲಿನ ಹಾಗೆ ಗಟ್ಟಿ. ಅರ್ಧ ಗಂಟೆ ಬೇವಿನ ಮರದ ಕೆಳಗೆ ನಿಲ್ಲಿಸಿದ ಮೇಲೆ ಮತ್ತೆ ಶುರುವಾಯಿತು. ಒಂದು ಗೋಣಿ ಸಾಲದು ಅಂದುಕೊಂಡು ಎರಡು ಕಟ್ಟಿದೆ. ಮತ್ತೆ ನಿಂತಿತು. ಎರಡನ್ನೂ ದಪ್ಪಗೆ ಮಡಚಿ ಕಟ್ಟಿದೆ. ಮತ್ತೂ ನಿಂತಿತು.

ಬಂಗಾರಪೇಟೆಯ ಮೆಕ್ಯಾನಿಕ್ ಸಾಯಿಕುಮಾರ್ ಹತ್ತಿರ ಹೋಗಿ ಚೆನ್ನಾಗಿ ಉಗಿದೆ. ಅವನು ಬಗ್ಗಿ ನೋಡಿ, ತಲೆ ಕೆರೆದುಕೊಂಡು, “ಅಕ್ಕಾ, ಈ ಗೋಣಿ ಐತಲ್ಲಾ…” ಎಂದು ಶುರು ಮಾಡಿದ.

“ಗೋಣಿ ಗೋಣಿ ಜಾಗದಾಗಿರ್ಲಿ. ತಂಪು ಮಾಡೋದು ನಂಗೆ ಕಲಿಸ್ಬೇಡ ಕಣ್ಲಾ, ಉಟ್ಟಿದಾಗಿಂದ ಆಲು ಕೆಡ್ದಂಗೆ ಕಾಯ್ತಿದೀನಿ. ನೀನು ಎಂಜಿನ್ ನೋಡು.”

ಅವನು ಬಾಯಿ ಮುಚ್ಚಿಕೊಂಡು ಪ್ಲಗ್ಗು ಒರೆಸಿ ಕೊಟ್ಟ.

ಈಗ ಬುಧವಾರಕ್ಕೆ ಬರೋಣ. ಗಂಡನ ಮೇಲಿನ ಸಿಟ್ಟನ್ನೆಲ್ಲ ಆಕ್ಸಿಲರೇಟರಿಗೆ ಕೊಟ್ಟು ಮಧ್ಯಾಹ್ನ ಹೊರಟೆ. ಭಾನುವಾರದೊಳಗೆ ಬೈಕು ಸರಿಯಾಗಿ ಓಡುತ್ತದೆ ಎಂದು ತೋರಿಸಬೇಕಿತ್ತು, ಆಗ ಮಾರುವ ಮಾತೇ ಇರುವುದಿಲ್ಲ. ನಂದಿದುರ್ಗ ಲೈನಿಗೆ ತಿರುಗಿದ್ದೇ ತಡ, ಮುನಿಸ್ವಾಮಪ್ಪ ತಾತನ ಮನೆ ಮುಂದೆ ಅದು ಮತ್ತೆ ಗೊರಗೊರ ಅಂದು ನಿಂತಿತು. ನನಗೆ ಅಳು ಬಂತು. ಅಳು ಬಂದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಟೈರಿಗೆ ಒಂದು ಒದೆ ಕೊಟ್ಟೆ.

ಮುನಿಸ್ವಾಮಪ್ಪ ತಾತ ದಿನಾ ಅರ್ಧ ಲೀಟರ್ ಹಾಲಿನ ಗಿರಾಕಿ. ವಯಸ್ಸು ಎಪ್ಪತ್ತೆಂಟು. ಗಣಿ ಮುಚ್ಚುವ ತನಕ ವೆಂಟಿಲೇಷನ್ ಡಿಪಾರ್ಟ್‌ಮೆಂಟಿನಲ್ಲಿದ್ದವರು, ಅಂದರೆ ನೆಲದ ಆಳದಲ್ಲಿ ಕೆಲಸ ಮಾಡುವವರಿಗೆ ಗಾಳಿ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡುವ ಕೆಲಸ. ಅವರು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ನನ್ನ ಒದೆತವನ್ನೂ ನೋಡಿದ್ದರು.

“ಒದ್ದಿದ್ದು ಸಾಕು ಮಾ. ಇದಕ್ಕೆ ಗಾಳಿ ಎಲ್ಲಿಂದ ಬತ್ತೈತೆ, ಎಲ್ಲಿಗೆ ಓಗ್ತೈತೆ, ಅದೇಳು.”

“ಟೈರಾಗೆ ಗಾಳಿ ಸರಿಯಾಗೈತೆ ತಾತಾ.”

“ಟೈರಲ್ಲ. ಎಂಜಿನ್‌ಗೆ.”

“ಅದಕ್ಕೆ ಯಾಕೆ ಗಾಳಿ. ತಂಪಿಗೆ ಗೋಣಿ ಕಟ್ಟಿದೀನಲ್ಲ, ಕಾಣ್ಸಲ್ವಾ.”

“ಕಾಣಿಸ್ತೈತೆ. ಅದ್ಕೇ ಕೇಳ್ತಿದೀನಿ.” ಎದ್ದು ಬಂದು, ಒಣಗಿ ಕರಕಲಾಗಿದ್ದ ಗೋಣಿಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದರು. “ಗಣಿ ಕೆಳಗೆ ಬಂಡೆ ಮುಟ್ಟಿದ್ರೆ ಕೈ ಸುಡೋದು ಮಾ. ಒಸದಾಗಿ ಬಂದ ಮೇಸ್ತ್ರಿ ಒಬ್ಬ, ಬಂಡೆಗೆ ನೀರು ಒಡ್ಸಿದ್ರೆ ತಣ್ಣಗಾಗ್ತೈತೆ ಅಂತ ಒಡ್ಸಿಬಿಟ್ಟ. ಆವಿ ಎದ್ದು ಇಬ್ರು ಉಸ್ರಾಡಕ್ಕಾಗ್ದೆ ಬಿದ್ರು, ಒತ್ಕಂಡು ಬಂದ್ವಿ. ನೀರಲ್ಲ ಬೇಕಾಗಿದ್ದು. ತಮಿಳಲ್ಲಿ ಕಾತ್ತು ಅನ್ನು, ತೆಲುಗಲ್ಲಿ ಗಾಲಿ ಅನ್ನು, ಗಾಳಿ ಅನ್ನು, ಯಾವ ಭಾಷೇಲಿ ಕರೆದ್ರೂ ದಾರಿ ಬಿಟ್ರೇನೇ ಅದು ಬರೋದು.”

ನನಗೆ ನಂಬಿಕೆ ಬರಲಿಲ್ಲ. ಆರು ವರ್ಷದಿಂದ ಬೈಕ್ ಓಡಿಸುತ್ತಿರುವವಳು ನಾನು, ಸೈಕಲ್ಲೂ ಹತ್ತದ ಮುದುಕ ನನಗೆ ಹೇಳುವುದೇ. ಹಾಗಂತ ಅಂದೂ ಬಿಟ್ಟೆ. ತಾತನಿಗೆ ಬೇಜಾರೇನೂ ಆಗಲಿಲ್ಲ. ಒಳಗೆ ಹೋಗಿ ಕೆಂಪು ದಾರದುಂಡೆ ತಂದರು. ಗಣಿಯಲ್ಲಿ ಗಾಳಿ ಹರಿಯುತ್ತಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ ದಾರ ಹಿಡಿದು ನೋಡುತ್ತಿದ್ದರಂತೆ. ದಾರ ಅಲ್ಲಾಡಿದರೆ ಮನುಷ್ಯ ಒಳಗೆ ಹೋಗಬಹುದು, ಅಲ್ಲಾಡದಿದ್ದರೆ ಆಚೆ ಬಾ. ಒಂದು ದಾರವನ್ನು ಗೋಣಿಯ ಮುಂದೆ ಕಬ್ಬಿಣಕ್ಕೆ ಕಟ್ಟಿದರು. ಎಂಜಿನ್ನಿನ ಸುತ್ತ ಪದರ ಪದರವಾಗಿ ರೆಕ್ಕೆಗಳಿರುತ್ತವಲ್ಲ, ಅವಕ್ಕೆ ಇನ್ನೆರಡು ಕಟ್ಟಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, “ಕ್ಯಾನು ಇಳಿಸು, ನಾನು ಕೂತ್ಕೊಂಡು ನೋಡ್ತೀನಿ” ಎಂದರು.

ಎಂಜಿನ್ ಆರಿದ ಮೇಲೆ ಹೊರಟೆವು. ಮುನಿಸ್ವಾಮಪ್ಪ ತಾತ ನನ್ನ ಹಿಂದೆ ಕೂತು, ಒಂದು ಕೈಯಲ್ಲಿ ಸೀಟಿನ ಹಿಡಿ ಹಿಡಿದು, ಸೊಂಟದ ತನಕ ಪಕ್ಕಕ್ಕೆ ಬಾಗಿ ಎಂಜಿನ್ನನ್ನೇ ನೋಡುತ್ತಾ ಬಂದರು. ಬೈಕು ಅವರ ಕಡೆಗೇ ವಾಲುತ್ತಿತ್ತು. ಲೈನಿನ ಹೆಂಗಸರು ಬಾಗಿಲಿಗೆ ಬಂದು ನಿಂತು, ತಾತನಿಗೆ ಈ ವಯಸ್ಸಲ್ಲಿ ಸವಾರಿ ಬೇಕಿತ್ತಾ ಎಂದು ತಮಿಳಿನಲ್ಲಿ ಕೂಗಿ ನಕ್ಕರು. ನನಗೆ ತಾತ ಬಿದ್ದು ಸೊಂಟ ಮುರಿದುಕೊಂಡರೆ ಯಾರು ಜವಾಬ್ದಾರಿ ಎನ್ನುವ ಯೋಚನೆ. ಅವರಿಗೆ ದಾರದ್ದೇ ಯೋಚನೆ.

“ಮುಂದಿಂದು ಕುಣೀತೈತೆ,” ಹಿಂದಿನಿಂದ ವರದಿ ಬಂತು. “ಒಳಗಿಂದು ಎರಡೂ ಸತ್ತೋಗವೆ.”

“ಸರಿಯಾಗಿ ನೋಡಿ ತಾತಾ.”

“ಮೂವತ್ತು ವರ್ಸ ಇದನ್ನೇ ನೋಡಿದೀನಿ. ನೀನು ನಿಲ್ಸು, ನೀನೇ ಬಗ್ಗಿ ನೋಡು.”

ನಿಲ್ಲಿಸಲಿಲ್ಲ, ಓಡಿಸುತ್ತಲೇ ಮೊಣಕಾಲ ಸಂದಿಯಲ್ಲಿ ಬಗ್ಗಿ ನೋಡಿದೆ. ಬೈಕು ನಲವತ್ತರ ವೇಗದಲ್ಲಿತ್ತು. ನನ್ನ ಸೆರಗು ಪಟಪಟ ಹೊಡೆದುಕೊಳ್ಳುತ್ತಿತ್ತು. ಎಂಜಿನ್ನಿನ ಮೇಲಿನ ಎರಡು ಕೆಂಪು ದಾರ ಮಾತ್ರ ಮನೆಯೊಳಗೆ ನೇತುಹಾಕಿದ ಹಾಗೆ ನೆಟ್ಟಗೆ ಇಳಿಬಿದ್ದಿದ್ದವು. ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ರಸ್ತೆ ಬದಿಗೆ ಹಾಕಿ ಗೋಣಿ ಬಿಚ್ಚಿ ಸೀಟಿನ ಕೆಳಗೆ ತುರುಕಿ ಮತ್ತೆ ಹೊರಟೆ. ಹತ್ತು ಮಾರು ಹೋಗುವಷ್ಟರಲ್ಲಿ ಮೂರೂ ದಾರ ಹಿಂದಕ್ಕೆ ಹಾರಿ ಕುಣಿಯಲು ಶುರು ಮಾಡಿದವು.

“ಈಗ ಉಸ್ರಾಡ್ತೈತೆ,” ಅಂದರು ತಾತ.

ಮನೆ ಮುಂದೆ ಇಳಿದು ಎಣ್ಣೆಯ ಕಡ್ಡಿ ತೆಗೆಸಿ ನೋಡಿದರು. ಎಣ್ಣೆ ಕಪ್ಪಗೆ, ನೀರಿನ ಹಾಗೆ ತೆಳ್ಳಗೆ, ಸುಟ್ಟ ವಾಸನೆ. ಎಂಜಿನ್ನಿನೊಳಗೆ ಸುತ್ತುವ ಎಣ್ಣೆ ಕಾವನ್ನು ಹೊತ್ತು ಗೋಡೆಗೆ ತಂದು ಕೊಡುತ್ತದೆ, ಗೋಡೆಯ ಆಚೆ ಗಾಳಿ ಇಲ್ಲದಿದ್ದರೆ ಅದನ್ನು ಯಾರ ಕೈಗೆ ಕೊಡಬೇಕು, ಮತ್ತೆ ಒಳಕ್ಕೇ ಹೊತ್ತುಕೊಂಡು ಹೋಗುತ್ತದೆ ಎಂದು ತಾಳ್ಮೆಯಿಂದ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ.

“ಇನ್ನೊಂದು. ಒಂದೊಂದ್ ಮನೆ ಮುಂದೇನೂ ಎಂಜಿನ್ ಓಡಿಸ್ಕೊಂಡೇ ಆಲು ಅಳೀತೀಯ. ನಿಂತ ಬೈಕಿಗೆ ಯಾವ ಗಾಳಿ ಬರ್ಬೇಕು? ಆಫ್ ಮಾಡು.”

“ಮನೆಗೊಂದ್ಸಲ ಕಿಕ್ ಒಡೀಬೇಕಾ ನಾನು?”

“ಟೈರಿಗೆ ಒದ್ಯೋಕೆ ಬತ್ತೈತಲ್ಲ, ಅದೇ ಕಾಲು.”

ಮಾರನೇ ದಿನ ಬಂಗಾರಪೇಟೆಗೆ ಹೋಗಿ ಸಾಯಿಕುಮಾರ್ ಹತ್ತಿರ ಎಣ್ಣೆ ಬದಲಾಯಿಸಿಕೊಂಡೆ. ಬೈಕಿಗೆ ಗೋಣಿ ಇಲ್ಲದ್ದನ್ನು ನೋಡಿದ, ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ. ಎಂಜಿನ್ನಿನ ರೆಕ್ಕೆಗಳ ಮಧ್ಯೆ ಮೆತ್ತಿಕೊಂಡಿದ್ದ ಗೋಣಿಯ ನಾರು, ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ಗುಡ್ಡದ ಧೂಳು ಎಲ್ಲವನ್ನೂ ಬ್ರಷ್ಷಿನಲ್ಲಿ ಉಜ್ಜಿ ತೆಗೆದ. ಗುರುವಾರ ಬೈಕು ನಿಲ್ಲಲಿಲ್ಲ. ಶುಕ್ರವಾರ ಕೋರಮಂಡಲ್ ಏರನ್ನು ಎರಡು ತುಂಬಿದ ಕ್ಯಾನಿನ ಸಮೇತ ಹಾಡಿಕೊಂಡು ಹತ್ತಿತು. ಶನಿವಾರವೂ ಅಷ್ಟೇ.

ಇಷ್ಟಾದ ಮೇಲೆ ಮನೆಗೆ ಹೋಗಿ, “ನೋಡಿ, ತಪ್ಪು ನಂದೇ, ಗೋಣಿ ಕಟ್ಟಿ ಎಂಜಿನ್‌ಗೆ ಗಾಳಿ ಕಟ್ ಮಾಡಿದ್ದೆ, ಈಗ ಸರಿಹೋಯ್ತು” ಎಂದು ಹೇಳಬೇಕಿತ್ತು. ಹೇಳಬೇಕಿತ್ತು ಎಂದು ನನಗೂ ಗೊತ್ತು. ಆದರೆ ತಿಂಗಳಿಡೀ ಬಿಸಿಲನ್ನು ಬೈದಿದ್ದೆ, ಪೆಟ್ರೋಲ್ ಬಂಕನ್ನು ಬೈದಿದ್ದೆ, ಸಾಯಿಕುಮಾರನ ಏಳು ತಲೆಮಾರನ್ನು ಬೈದಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಹೇಳುವುದು. ಅದಕ್ಕೆ ಏನು ಮಾಡಿದೆ ಅಂದರೆ, ಹೋಗುವಾಗ ಊರಾಚೆ ಸೇತುವೆ ಹತ್ತಿರ ಗೋಣಿ ಬಿಚ್ಚುವುದು, ಬರುವಾಗ ಅಲ್ಲೇ ಮತ್ತೆ ಕಟ್ಟಿಕೊಂಡು ಮನೆಗೆ ಬರುವುದು. “ಬೈಕ್ ಈಗ ಚೆನ್ನಾಗಿ ಓಡ್ತೈತೆ, ಮಾರೋದು ಬೇಡ” ಎಂದೆ. “ಎಂಗೆ ಸರಿಯಾಯ್ತು?” ಎಂದು ನಮ್ಮನೆಯವರು ಕೇಳಿದರು. “ಸಾಯಿ ಅದೇನೋ ಮಾಡ್ದ” ಎಂದೆ. ಅವರು, “ಸಾಯಿ ಮಾಡಿದ್ದು ಇನ್ನೆಷ್ಟು ದಿನ. ಓಡ್ತಿರೋವಾಗ್ಲೇ ಮಾರ್ಬಿಡೋಣ” ಎಂದು ಬನಿಯನ್ ಜಾಡಿಸಿ ಒಳಗೆ ಹೋದರು.

ಭಾನುವಾರ ಹನ್ನೆರಡು ಗಂಟೆಗೆ ಕಾಂತರಾಜ್ ಬಂದ. ಬಂಗಾರಪೇಟೆ ಸ್ಟೇಷನ್ ಹತ್ತಿರ ಹಳೇ ಬೈಕು ಕೊಂಡು ಮಾರುವವನು, ಕಣ್ಣು ಹದ್ದಿನದು. ಬಂದವನೇ ಬೈಕಿನ ಮುಂದೆ ಕುಕ್ಕರಿಸಿ, ಗೋಣಿಯ ಗಂಟು ಬಿಚ್ಚಿ, ಅದನ್ನು ನಮ್ಮತ್ತೆಯ ಕಾಲ ಬಳಿ ಎಸೆದು, ಎಂಜಿನ್ ನೋಡಿ, ಬಂಗಾರಪೇಟೆ ತನಕ ಹೋಗಿ ಬರುತ್ತೇನೆ ಎಂದು ಹೊರಟ. ಉರಿ ಬಿಸಿಲು. ನಾನು ಜಗುಲಿಯಲ್ಲಿ ಕಂಬ ಹಿಡಿದು ನಿಂತೆ. ದಾರಿಯಲ್ಲಿ ನಿಂತುಹೋಗಲಿ ದೇವರೇ, ಇವನಿಗೆ ಬೇಡವೆನಿಸಲಿ ಎಂದು ಬೇಡಿಕೊಂಡೆ. ನಿಂತುಹೋದರೆ ಗುಜರಿಗೆ ಹಾಕುತ್ತಾರಲ್ಲ ಎಂದು ನೆನಪಾಗಿ, ನಿಲ್ಲದಿರಲಿ ದೇವರೇ ಎಂದೂ ಬೇಡಿಕೊಂಡೆ. ದೇವರಿಗೂ ತಲೆ ಕೆಟ್ಟಿರಬೇಕು.

ಮುಕ್ಕಾಲು ಗಂಟೆ ಬಿಟ್ಟು ಕಾಂತರಾಜ್ ವಾಪಸ್ಸು ಬಂದ. ಎಂಜಿನ್ನಿನ ಪಕ್ಕ ಕೈ ಹಿಡಿದು ಕಾವು ನೋಡಿದ.

“ಅಣ್ಣಾ, ಇದರಾಗೇನೂ ತೊಂದ್ರೆ ಇಲ್ಲ. ಗಟ್ಟಿ ಗಾಡಿ. ಆರ್‌ಸಿ ತಕೊಂಡ್ಬಾ.”

ನಮ್ಮನೆಯವರು ಆರ್‌ಸಿ ಪುಸ್ತಕ ತರಲು ಎದ್ದರು. ಕಾಂತರಾಜ್ ಕೀಲಿಯನ್ನು ತನ್ನ ಅಂಗಿ ಜೇಬಿಗೆ ಹಾಕಿಕೊಂಡ. ಆ ಜೇಬು ನೋಡಿದ್ದೇ ತಡ, ನಾಳೆ ಮೂರು ಗಂಟೆಗೆ ನಾನು ಎಲ್ಲಿರುತ್ತೇನೆ ಎಂಬುದು ಕಣ್ಣ ಮುಂದೆ ಬಂತು. ಸಗಣಿ ಬುಟ್ಟಿ ಹಿಡಿದು ಇದೇ ಅಂಗಳದಲ್ಲಿ, ನಾಡಿದ್ದೂ ಇಲ್ಲೇ, ಆಚೆ ನಾಡಿದ್ದೂ ಇಲ್ಲೇ.

“ಮಾರ್ಬೇಡಿ,” ಎಂದೆ. “ಬೈಕ್ ಕೆಟ್ಟಿರ್ಲಿಲ್ಲ. ನಾನೇ ಕೆಡ್ಸಿದ್ದು. ತಂಪಾಗ್ಲಿ ಅಂತ ಗೋಣಿ ಕಟ್ಟಿ ಗಾಳಿ ಓಗೋ ದಾರೀನೇ ಮುಚ್ಬಿಟ್ಟಿದ್ದೆ. ಅದ್ಕೇ ಎಣ್ಣೆ ಕಾದು ನಿಂತೋಗ್ತಿತ್ತು. ಬುಧವಾರ ಗೊತ್ತಾಯ್ತು. ಏಳೋಕೆ ಮುಖ ಇರ್ಲಿಲ್ಲ. ತಪ್ಪು ನಂದು.”

ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆ ಕೊನೆಯ ಎರಡು ಪದ ನನ್ನ ಬಾಯಿಂದ ಬಂದಿದ್ದು ಅದೇ ಮೊದಲು. ನಮ್ಮನೆಯವರು ಬಾಗಿಲಲ್ಲೇ ನಿಂತರು. ನಗುತ್ತಾರೆ ಅಂದುಕೊಂಡೆ, ಬೈಯುತ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ.

“ಗೊತ್ತಿತ್ತು,” ಎಂದರು.

“ಏನು ಗೊತ್ತಿತ್ತು?”

“ಗೋಣಿ ವಿಸ್ಯ. ಮೊದಲ್ನೇ ವಾರದಾಗೇ ಗೊತ್ತಾಯ್ತು. ಫ್ಯಾಕ್ಟರಿಯಾಗೆ ಕೇಳ್ದೆ, ಸಾಯೀನೂ ಅದೇ ಏಳ್ದ.”

“ನೀನು ಸೇತುವೆ ತಾವ ಬಿಚ್ಚಿ ಕಟ್ಟೋದೂ ಗೊತ್ತು,” ನಮ್ಮತ್ತೆ ಬಿದ್ದಿದ್ದ ಗೋಣಿಯನ್ನು ಮಡಚುತ್ತಾ ಸೇರಿಸಿದರು. “ಚಿಕ್ಕಮುನಿಯಪ್ಪ ಮೇಕೆ ಮೇಯಿಸ್ತಾ ನೋಡಿದ್ನಂತೆ. ಊರಿಗೆಲ್ಲಾ ಗೊತ್ತು.”

ನಾನು ಕಂಬ ಬಿಟ್ಟು ಅಂಗಳಕ್ಕಿಳಿದೆ. “ಮತ್ತೆ ಏಳ್ಬಾರ್ದಿತ್ತಾ? ಬೈಕ್ ಮಾರೋ ತನಕ ಓದ್ರಲ್ಲ, ಒಂದ್ ಮಾತು ಏಳೋಕೇನಾಗಿತ್ತು?”

ನಮ್ಮನೆಯವರು ನೆಲ ನೋಡಿದರು. ಕಾಂತರಾಜ್ ಆಕಾಶ ನೋಡಿದ.

“ನಿಂಗೆ ಏಳೋದಕ್ಕಿಂತ ಬೈಕ್ ಮಾರೋದು ಸುಲ್ಭ ಅನ್ನಿಸ್ತು,” ಎಂದರು.

ವ್ಯಂಗ್ಯ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಸ್ಟೋರ್ಸಿನಲ್ಲಿ ಸಾಮಾನು ಇದೆ, ಇಲ್ಲ ಎಂದು ಹೇಳುತ್ತಾರಲ್ಲ, ಅಂಥದೇ ದನಿ. ನನಗೆ ಸಿಟ್ಟು ಬರಬೇಕಿತ್ತು, ಹುಡುಕಿದೆ, ಸಿಗಲಿಲ್ಲ. ನಾಚಿಕೆಯಾಯಿತು. ಹದಿನೆಂಟು ವರ್ಷ ನನ್ನ ಪಕ್ಕ ಕೂತು ಉಂಡ ಮನುಷ್ಯ ಒಂದು ಗೋಣಿಚೀಲದ ಮಾತು ಎತ್ತಲು ತಿಂಗಳಿಡೀ ಧೈರ್ಯ ಹುಡುಕಿದ್ದಾರೆ, ಸಿಗದೆ ಬೈಕನ್ನೇ ಮಾರಲು ಹೊರಟಿದ್ದಾರೆ. ಪಾಪ ಅನ್ನಿಸಿತು. ಅವರ ಮೇಲೆ ಪ್ರೀತಿಯೂ ಬಂತು, ಸುಳ್ಳು ಯಾಕೆ ಹೇಳಲಿ.

ಕಾಂತರಾಜ್ ಯಾರೂ ಕೇಳದೆಯೇ ಜೇಬಿನಿಂದ ಕೀಲಿ ತೆಗೆದು ಜಗುಲಿಯ ಮೇಲಿಟ್ಟ. ಬಿಸಿಲಲ್ಲಿ ಸುಮ್ಮನೆ ಓಡಾಡಿಸಿದಿರಿ ಎಂದು ಗೊಣಗಿ, ನಮ್ಮತ್ತೆ ಕೊಟ್ಟ ಮಜ್ಜಿಗೆ ಒಂದೇ ಗುಟುಕಿಗೆ ಕುಡಿದು ಹೊರಟುಹೋದ. ನಾನು ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಆಮೇಲೆ ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.

“ಇನ್ನೇನೇನು ಏಳ್ದೆ ಇಟ್ಕೊಂಡಿದ್ದೀರ?” ಎಂದು ಕೇಳಿದೆ. “ಏಳಿ. ಇವತ್ತು ನಾನು ಬಾಯಿ ಬಿಡಲ್ಲ.”

ಅವರು ತಮ್ಮ ತಾಯಿಯ ಮುಖ ನೋಡಿದರು. ನಮ್ಮತ್ತೆ ಒಳಗೆ ಹೋಗಿ ಚಾಪೆ ತಂದು, ನನ್ನ ಎದುರಿಗೇ ಹಾಸಿಕೊಂಡು, ಬೆನ್ನಿಗೆ ಗೋಡೆ ಕೊಟ್ಟು ಕೂತರು.

“ನೀನು ಮೊದ್ಲು ಮುಗಿಸು ಕಣಪ್ಪ,” ಎಂದರು ಮಗನಿಗೆ. “ನಂದು ಒಸಿ ಜಾಸ್ತಿ ಐತೆ.”

ನಮ್ಮನೆಯವರು ಗಂಟಲು ಸರಿಮಾಡಿಕೊಂಡು, ಮದುವೆಯಾದ ವರ್ಷದಿಂದ ಶುರು ಮಾಡಿದರು.